ತಿಳಿಯಲಿಲ್ಲವೆಂದು ತಲೆಯಾಡಿಸಿದ್ದು

ಹೈಡೆಲ್‌ಬರ್ಗ್, 12 ಫೆಬ್ರವರಿ 2002, ಮಂಗಳವಾರ

ಸುಳ್ಳು ಹೇಳಿದೆ. ಇನ್ನೂ ಖುಷಿಯಾಗುತ್ತಿದೆ.

ಅಕ್ಕ ಯೂನಿವರ್ಸಿಟಿಯಲ್ಲಿ ಆಫ್ರಿಕಾದ ಚರಿತ್ರೆ ಕಲಿಸುತ್ತಾಳೆ. ಹೆಚ್ಚು ಓದದವರಿಗೂ ತಿಳಿಯುವಂತೆ ಹೇಳಿದರೆ ಮಾತ್ರ ಅವಳ ವಿದ್ಯಾರ್ಥಿಗಳು ಪಾಸು. ನಮ್ಮ ಕಡೆಯ ಪ್ರಭುಲಿಂಗನ ಪರೀಕ್ಷೆಗೆ ಕೇಳುವವಳಾಗಿ, ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಕೂರಿಸಿದಳು. ಹೋದ ತಿಂಗಳು ನಮ್ಮ ಮನೆಯಲ್ಲೇ ಉಂಡು, “ನಾಕನೇತ್ತ ಕಲ್ತಾಕಿ ಕಥಿ ಬರೀತಾಳಂತ! ಓದೋರ್ ಯಾರ್ರೀ ಮೇಡಂ?” ಎಂದು ನಕ್ಕವನು ಅವನೇ.

ಬ್ರಿಟಿಷ್ ಕಂಪನಿಗಳು ಬೆಲೆ ಇಳಿಸಿದಾಗ ಒಂದು ಬೀಜವನ್ನೂ ಮಾರದೆ ಕೂತ ಘಾನಾದ ಕೋಕೋ ಬೆಳೆಗಾರರ ಬಗ್ಗೆ ಇಂದು ಹೇಳಿದ. ಎಲ್ಲವೂ ಕಣ್ಣಿಗೆ ಕಟ್ಟಿತು.

“ತಿಳೀತೇನವಾ?” ಅಕ್ಕ ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ.

“ಯಾವ್ದು ತಿಳೀಲಿಲ್ಲ, ಹೇಳ್ರೀ,” ಎಂದು ಅಂಗಲಾಚಿದ. ನನಗೆ ‘ರೀ’ ಎಂದದ್ದು ಇದೇ ಮೊದಲು.

ನಾಳೆ ಮತ್ತೆ ಬಂದು ಹೇಳುತ್ತಾನಂತೆ. ಹೇಳಲಿ. ನಾಳೆಯೂ ನನಗೆ ತಿಳಿಯುವುದಿಲ್ಲ.