ಕಾಫಿ ಲೋಳೆಯ ಬಿಳಿ ಮಣಿಗಳು

ಮೂಡಿಗೆರೆ
11-4-2006

ಶಶಿ,

ಅವ್ವನ ಕಾಲಿನ ಗಾಯಕ್ಕೆಂದು ನೀನು ಕೊಟ್ಟ ಮಣಿಗಳಲ್ಲಿ ಔಷಧಿ ಇರಲಿಲ್ಲ. ಇಲ್ಲವೆಂದು ನಿನಗೆ ಗೊತ್ತಿತ್ತು. ನೀನು ಹೇಳಲಿಲ್ಲ.

ಇದನ್ನು ಬರೆಯದೆ ಕ್ಷೇಮ ವಿಚಾರಿಸಲು ನನ್ನಿಂದಾಗಲಿಲ್ಲ. ಹೇಗಿದ್ದೀಯ? ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಮಂಗಳೂರಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನೀನು ತಲೆ ತಗ್ಗಿಸಿ ನಿಜ ಹೇಳಿದಾಗ ಎದ್ದು ಹೋದವಳು, ಆಮೇಲೆ ಎಷ್ಟೋ ಸಲ ಪೆನ್ನು ಹಿಡಿದೆ. ಬರೀ ಬೈಗುಳವೇ ಬರುತ್ತಿತ್ತು.

ಅವ್ವ ಮನೆಗೆ ಬಂದಿದ್ದಾಳೆ. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಅವಳ ಅಂಗಡಿಯನ್ನು ಗಂಗಾಧರಪ್ಪ ಮಾವ ನೋಡಿಕೊಳ್ಳುತ್ತಿದ್ದಾರೆ. "ಗಲ್ಲಾದಲ್ಲಿ ಕೂರೋಕೆ ಕಾಲು ಯಾಕಣ್ಣ? ಎತ್ತಿಕೊಂಡು ಹೋಗಿ ಕೂರಿಸು, ನಿನಗಿಂತ ಚೆನ್ನಾಗಿ ವ್ಯಾಪಾರ ಮಾಡ್ತೀನಿ" ಎಂದು ಅವ್ವ ರೇಗಿಸುತ್ತಾಳೆ. ಮಾವ ನಗಲಾರದೆ ಒಳಗೆ ಹೋಗುತ್ತಾರೆ.

ಮೊದಲ ಸಲ ಎಸ್ಟೇಟಿನ ಜಯದೇವಪ್ಪನವರ, ಹಣ್ಣು ಸುಲಿಯುವ ಪಲ್ಪರ್ ಮನೆಯಿಂದ ಕಾಫಿ ಹಣ್ಣಿನ ಲೋಳೆ ತಂದು, ಸೋಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ನೀರಿಗೆ ಹನಿ ಬಿಟ್ಟದ್ದು ನೆನಪಿದೆಯಾ? ಬಿದ್ದ ಹನಿ ಬಿದ್ದಲ್ಲೇ ಕಪ್ಪೆಮೊಟ್ಟೆಯ ಹಾಗೆ ಮಣಿಯಾಗಿ ನಿಂತಿತ್ತು. ನಾವು ಕಾಫಿ ಸೀಮೆಯವರು, ಒಣಗಿಸುವುದು ಅಂದರೆ ಕಣ, ಬಿಸಿಲು. ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜದ ಪಕ್ಕದಲ್ಲೇ ಹರವಿಬಿಟ್ಟೆವು. ಸಂಜೆಗೆ ಸಾಸಿವೆಯಷ್ಟಾಗಿ ಕಲ್ಲಾಗಿದ್ದವು. ಮೇಸ್ತ್ರಿ ಕೆಂಪಯ್ಯ, ಬೀಜ ಒಣಗಿದೆಯೋ ಇಲ್ಲವೋ ಎಂದು ಹಲ್ಲಿನಲ್ಲಿ ಪರೀಕ್ಷಿಸುವಂತೆ, ಒಂದನ್ನು ಕಚ್ಚಿ, "ಥೂ, ಹಲ್ಲು ಹೋಯ್ತಲ್ಲ ಮಾರಾಯ! ಇದೇನು ಪೀಬೆರಿ ಬೀಜನಾ, ಕೋವಿ ಗುಂಡಾ?" ಎಂದಿದ್ದ.

ಒಣಗಿಸುವ ಬಗೆಯನ್ನು ನೀನು ನಿಮ್ಮ ಲ್ಯಾಬಿನಲ್ಲಿ ಕಲಿತು ಬಂದೆ. ಮಣಿಯೊಳಗಿನ ನೀರು ತೆಗೆದು ಸ್ವಲ್ಪ ಸ್ವಲ್ಪವಾಗಿ ಸ್ಪಿರಿಟ್ ತುಂಬಿಸಿ, ಅಲ್ಲಿಯ ಯಂತ್ರದಲ್ಲಿ ಒಣಗಿಸಿದರೆ ಕುಗ್ಗುವುದಿಲ್ಲ, ಒಳಗೆಲ್ಲ ಕಾಣದಷ್ಟು ಸಣ್ಣ ತೂತು ಉಳಿಯುತ್ತವೆ ಎಂದೆ. "ಆ ತೂತಲ್ಲೇ ಮದ್ದು ಕೂರೋದು ನಾಗು. ಗಾಯದ ನೀರು ಹೀರ್ತಾ ಹೀರ್ತಾ ಮದ್ದು ಬಿಡುತ್ತೆ." ಊದಿದರೆ ಹಾರುವಂಥ ಬಿಳಿ ಮಣಿಯನ್ನು ನೀನು ನನ್ನ ಅಂಗೈಯಲ್ಲಿಟ್ಟೆ. ನಾನು ಅತ್ತುಬಿಟ್ಟೆ. ಎಸ್ಟೇಟಿನವರು ಹಳ್ಳಕ್ಕೆ ಬಿಟ್ಟು ನಾರಿಸುವ ಲೋಳೆ ಬಡವರ ಗಾಯ ಮಾಯಿಸುತ್ತದಲ್ಲ ಎಂದು.

ಅವ್ವನ ಸಕ್ಕರೆ ಕಾಯಿಲೆಯ ಗಾಯ ದೊಡ್ಡದಾದಾಗ ನಿನ್ನನ್ನು ಕೇಳಿದೆ. ಪರೀಕ್ಷೆ ಮುಗಿಯದೆ ಮದ್ದು ತುಂಬಿದ ಮಣಿ ಹೊರಗೆ ಕೊಡುವಂತಿಲ್ಲ ಎಂದೆ ನೀನು. ನಾನು ಜಗಳವಾಡಿದೆ. ಸಂಕ್ರಾಂತಿ ಕಳೆದು ನೀನೇ ಬಾಟಲಿ ತಂದುಕೊಟ್ಟೆ. "ಮದ್ದಿದೆಯಾ?" ಎಂದು ಕೇಳಿದ್ದಕ್ಕೆ "ಇದೆ ಮಾರಾಯ್ತಿ" ಎಂದೆ. ಇಲ್ಲ ಅಂದಿದ್ದರೆ ಅವತ್ತೇ ಅವ್ವನನ್ನು ಆಸ್ಪತ್ರೆಗೆಂದು ಬಸ್ಸು ಹತ್ತಿಸುತ್ತಿದ್ದೆನಲ್ಲೋ.

"ಖಾಲಿ ಮಣಿಯಿಂದ ತೊಂದರೆ ಆಗಲ್ಲ ಅಂದ್ಕೊಂಡೆ. ನಿನ್ನ ಅಳುಮುಖ ನೋಡೋಕಾಗಲಿಲ್ಲ" ಎಂದೆ ನೀನು ಕ್ಯಾಂಟೀನಿನಲ್ಲಿ. ನಿನ್ನ ಕರುಣೆ ಯಾರು ಕೇಳಿದ್ದರು? 'ಮದ್ದು ಕೊಡುವವನು ಅದರಲ್ಲಿ ಏನಿದೆ ಎಂದು ಹೇಳಲೇಬೇಕು' ಎಂಬ ಕರಪತ್ರವನ್ನು ಸಂತೆಯಲ್ಲಿ ಹಂಚಿದವರು ನಾವಿಬ್ಬರು. ಅದರ ಪ್ರತಿ ಸಾಲೂ ನನಗೆ ಬಾಯಿಪಾಠ. ನಿನಗೂ.

ಕೆಲಸ ಬಿಡಬೇಡ. ಆ ಮಣಿ ಸುಳ್ಳಲ್ಲ. ಒಂದು ದಿನ ಮದ್ದು ತುಂಬಿಕೊಂಡು ಯಾರದಾದರೂ ಕಾಲು ಉಳಿಸಲಿ. ನಿನಗೆ ಒಳ್ಳೆಯದಾಗಲಿ ಎಂಬ ಮಾತು ಈಗಲೂ ತಾನಾಗಿಯೇ ಬರುತ್ತದೆ. ಏನು ಮಾಡಲಿ?

ನಾಗಶ್ರೀ

ತಾ.ಕ.: ಮಣಿ ಖಾಲಿಯಿದ್ದದ್ದು ಅವ್ವನಿಗೆ ಇನ್ನೂ ಗೊತ್ತಿಲ್ಲ. ನಿನ್ನೆ ಅವಳ ತಲೆಗೆ ಎಣ್ಣೆ ಹಚ್ಚುವಾಗ ಅವಳೇ ಬಾಯಿಬಿಟ್ಟಳು. ಕಾಲಿನ ಬೆರಳು ಕಪ್ಪಾಗಿದ್ದನ್ನು ಮೊದಲೇ ನೋಡಿದ್ದಳಂತೆ. ನಾನು ಮನೆಯಲ್ಲಿಲ್ಲದಾಗ ತಾನೇ ಗಾಯದ ಬಟ್ಟೆ ಬದಲಿಸಿ, ವಾಸನೆ ಬಾರದಿರಲೆಂದು ಧೂಪ ಹಾಕಿ, ನನ್ನೆದುರು "ವಾಸಿಯಾಗ್ತಿದೆ ಕಣೆ" ಅನ್ನುತ್ತಿದ್ದಳಂತೆ. "ನಿಮ್ಮ ಮದುವೆ ಮಾತು ನಡೀತಿರೋವಾಗ ಹುಡುಗನ ಮದ್ದು ಕೆಟ್ಟದ್ದು ಅಂತ ನಾಲ್ಕು ಜನ ಆಡ್ಕೋಬಾರದಲ್ಲ. ಅವನ ಮದ್ದು ಒಳ್ಳೇದೇ. ನನ್ನ ಕಾಲೇ ಅದಕ್ಕೆ ಒಗ್ಗಲಿಲ್ಲ. ಬೇಜಾರು ಮಾಡ್ಕೋಬೇಡ ಅಂತ ಅವನಿಗೆ ಬರಿ" ಎಂದಳು.

ಅದನ್ನು ನಾನು ಬರೆಯಲಾರೆ. ಅವಳ ಕಾಲಿನ ತಪ್ಪೇನೂ ಇಲ್ಲವೆಂದು ನೀನೇ ಅವಳೆದುರು ಕೂತು ಹೇಳಬೇಕು. ಇದೇ ಇಪ್ಪತ್ಮೂರು, ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ ಕೊಟ್ಟಿಗೆಹಾರದಲ್ಲಿ ಬಸ್ಸು ಇಳಿ. ನಾನು ಅಲ್ಲಿ ನಿಂತಿರುತ್ತೇನೆ.