ಬಿಚ್ಚದೆ ಬಂದ ಡಬ್ಬಿ

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಬೆಲ್ಟಿನ ಪಕ್ಕ ಸ್ಟೂಲು, ಎದುರಿಗೆ ಪರದೆ. ಆಸ್ಪತ್ರೆಯ ವಾರ್ಡುಗಳಿಂದ ತಿರುಗಿ ಬಂದ ಊಟದ ಟ್ರೇಗಳು ಒಂದರ ಹಿಂದೊಂದು ಸಾಗುತ್ತವೆ. ಮೇಲಿನ ಕ್ಯಾಮೆರಾ ಫೋಟೊ ತೆಗೆಯುತ್ತದೆ. ಎಐ ಹೇಳುತ್ತದೆ — ಅನ್ನ, ಅರ್ಧ ಉಳಿದಿದೆ. ಬೀನ್ಸ್, ಮುಟ್ಟಿಲ್ಲ. ಸರಿಯಿದ್ದರೆ ಹಸಿರು ಗುಂಡಿ. ತಪ್ಪಿದ್ದರೆ ಕೆಂಪು ಒತ್ತಿ ಹೇಳಿಕೊಡಬೇಕು. ಬೆಳಿಗ್ಗೆ ಮೂಲಂಗಿಯನ್ನು ಆಲೂಗಡ್ಡೆ ಎಂದಿತು. ಕೆಂಪು. ಮಧ್ಯಾಹ್ನ ಮತ್ತೆ ಮೂಲಂಗಿ ಬಂತು, ಸರಿಯಾಗಿ ಹೇಳಿತು. ನಮ್ಮ ಹೆಡ್ ಕುಕ್ ಗುಡುಗಣ್ಣನಿಗಿಂತ ವಾಸಿ. ಅವನಿಗೆ ಒಂದು ಮಾತು ತಲೆಗೆ ಹೋಗಲು ಒಂದು ವರ್ಷ ಬೇಕು.

ಒಟ್ಟಿನಲ್ಲಿ ಎಂಜಲು ನೋಡುವ ಕೆಲಸ. ಭುಜ ಕೈಕೊಟ್ಟಿತು, ಹಂಡೆ ಎತ್ತಲು ಆಗುವುದಿಲ್ಲ. ಒಲೆಯ ಮುಂದಿನಿಂದ ಇಲ್ಲಿಗೆ ತಂದು ಕೂರಿಸಿದರು. ಭುಜ ಕೈಕೊಡುವುದು! ಯಾರಿಗಾದರೂ ಹೇಳಿದ್ದರೆ ನಗುತ್ತಿದ್ದರು. ಇಲ್ಲಿ ಪಾತ್ರೆ ತೊಳೆಯುವ ಮೆಷಿನ್ನಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುವುದಿಲ್ಲ.

ಮಾರ್ಚ್ 5, ಬುಧವಾರ

ಗುಡುಗಣ್ಣ ಇವತ್ತು ಕೂಗಾಡಲಿಲ್ಲ. ಉಳಿದದ್ದರ ಲೆಕ್ಕ ಹಾಕಿ ಪರದೆ ಹೇಳಿದಷ್ಟೇ ಅನ್ನ ಇಟ್ಟನಂತೆ, ಸರಿಹೋಯಿತಂತೆ. "ಹೆಡ್ ಕುಕ್ ನಾನೋ ಇದೋ?" ಎಂದು ಹೋದ ತಿಂಗಳು ಸೌಟು ಎಸೆದವನು ಇವನೇ. ಎಂಜಲಿನ ಡ್ರಮ್ಮು ಅರ್ಧಕ್ಕೆ ಇಳಿದಿದೆ. ಅದನ್ನು ಹೊರುವವರು ಮಾತ್ರ ನನ್ನನ್ನು ನೋಡಿ ನಗುತ್ತಾರೆ — ಅಷ್ಟಾದರೂ ಆಯಿತು.

ಇಪ್ಪತ್ತು ವರ್ಷದ ಮೇಲಾಯಿತು ಇಲ್ಲಿ ಬೇಯಿಸಿ. ತಿಂದವರ ಮುಖ ಒಂದೂ ಗೊತ್ತಿಲ್ಲ. ಅಡುಗೆಮನೆಯವರು ವಾರ್ಡಿಗೆ ಹೋಗುವ ಹಾಗಿಲ್ಲ. ಈಗ ಉಳಿದದ್ದನ್ನು ನೋಡಿ ಗುರುತು ಸಿಗುತ್ತದೆ. ಎರಡನೇ ಮಹಡಿಯಲ್ಲಿ ಒಬ್ಬರು ಕ್ಯಾರೆಟ್ಟನ್ನೆಲ್ಲ ಆರಿಸಿ ಮೂಲೆಗೆ ಸಾಲಾಗಿ ಜೋಡಿಸುತ್ತಾರೆ. ಮೇಷ್ಟ್ರೇ ಇರಬೇಕು. ಇನ್ನೊಬ್ಬರು ಬ್ರೆಡ್ಡಿನ ಅಂಚು ಮಾತ್ರ ಬಿಡುತ್ತಾರೆ. ಹಲ್ಲಿಲ್ಲ, ಪಾಪ.

ಮಾರ್ಚ್ 9, ಭಾನುವಾರ

ರಜೆ. ಬಟ್ಟೆ ಒಗೆದೆ. ಅಮ್ಮನ ಮಂಚದ ಮೇಲೆ ಮಡಚಿಟ್ಟೆ. ಅವಳು ಹೋದ ಮೇಲೆ ಅದು ಬಟ್ಟೆ ಇಡುವ ಜಾಗವಾಗಿದೆ.

ತಮ್ಮ ಫೋನ್ ಮಾಡಿದ್ದ.

"ಹೇಗಿದೀಯಕ್ಕಾ?"

"ಚೆನ್ನಾಗಿದೀನಿ ಕಣೋ."

"ಭುಜ?"

"ಪರವಾಗಿಲ್ಲ."

"ಸರಿ ಹಾಗಾದ್ರೆ. ಇಡ್ಲಾ?"

ಇಟ್ಟ. ತಪ್ಪು ಅವನದಲ್ಲ. ನಾನೂ ಏನೂ ಕೇಳಲಿಲ್ಲ. ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಫೋನ್ ಇಟ್ಟಾಗಿರುತ್ತದೆ.

ಮಾರ್ಚ್ 11, ಮಂಗಳವಾರ

ಮೂರನೇ ಮಹಡಿ, ಆರನೇ ಹಾಸಿಗೆ. ಊಟದ ಡಬ್ಬಿ ಬಿಚ್ಚದೆ ಬಂತು. ಮೇಲಿನ ಪ್ಲಾಸ್ಟಿಕ್ ಹಾಳೆ ಅಂಟಿದ ಹಾಗೇ ಇದೆ. ಹಾಲಿನ ಲೋಟ ಮಾತ್ರ ಖಾಲಿ. ಎಐ "ಬಡಿಸಿಲ್ಲ" ಎಂದಿತು. ಹಾಗೆ ಹೇಳಲು ಕಲಿಸಿದ್ದು ನಾವೇ — ರೋಗಿ ಆಪರೇಷನ್ನಿಗೆ ಹೋಗಿದ್ದರೆ, ಮನೆಗೆ ಹೋಗಿದ್ದರೆ ಡಬ್ಬಿ ಹಾಗೇ ಬರುತ್ತದಲ್ಲ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಸಿರು ಒತ್ತಿದೆ. ಒತ್ತಿದ ಮೇಲೆ ಅನ್ನಿಸಿತು — ಆಪರೇಷನ್ನಿಗೆ ಹೋದವರು ಹಾಲು ಹೇಗೆ ಕುಡಿದರು?

ಮಾರ್ಚ್ 12, ಬುಧವಾರ

ಬೆಳಿಗ್ಗೆ — ಬಿಚ್ಚಿಲ್ಲ. ಮಧ್ಯಾಹ್ನ — ಬಿಚ್ಚಿಲ್ಲ. ಹಾಲು ಖಾಲಿ.

ಕನ್ನಡಕದ ಹುಡುಗಿಯನ್ನು ಕರೆದೆ. ಈ ಕ್ಯಾಮೆರಾ, ಪರದೆ ಎಲ್ಲ ಕೂರಿಸಿದ ಕಂಪನಿಯವಳು. ನನ್ನನ್ನು ಆಂಟಿ ಅನ್ನುತ್ತಾಳೆ.

"ಹಳೇ ಫೋಟೊ ನೋಡಬಹುದಾ? ಈ ಹಾಸಿಗೇದು ಮಾತ್ರ."

"ಎಲ್ಲಾ ಇರುತ್ತೆ ಆಂಟಿ." ಏನೋ ಒತ್ತಿದಳು. ಪರದೆ ತುಂಬ ಡಬ್ಬಿಗಳು. ಕಳೆದ ಗುರುವಾರದಿಂದ ಒಂದೂ ಬಿಚ್ಚಿಲ್ಲ.

ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. "ಇವರು ಊಟಾನೇ ಮಾಡಿಲ್ವಾ?"

ವಾರ್ಡಿಗೆ ಫೋನ್ ಮಾಡಿದೆ. ಹಿರಿ ಸಿಸ್ಟರ್ ಎತ್ತಿದರು. "ಆ ಪೇಷಂಟಿಗೆ ಹಸಿವಿಲ್ಲ, ಚಾರ್ಟಲ್ಲಿ ಬರೆದಿದೀವಿ. ನಾಳಿದ್ದು ಮೂಗಿಗೆ ನಳಿಕೆ ಹಾಕಿ ಊಟ ಕೊಡಬೇಕು ಅಂತಿದಾರೆ ಡಾಕ್ಟ್ರು. ನೀವು ಅಡುಗೆಮನೆಯವರಲ್ವಾ? ನಿಮಗ್ಯಾಕೆ ಇದೆಲ್ಲ?"

ನನಗ್ಯಾಕೆ. ಹೌದು.

ಮಾರ್ಚ್ 13, ಗುರುವಾರ

ಹೋಗಿಬಿಟ್ಟೆ.

ಮಧ್ಯಾಹ್ನ, ಊಟದ ಗಾಡಿಯ ಹಿಂದೆಯೇ. ತಲೆಗೆ ಟೋಪಿ, ಮೈಮೇಲೆ ಏಪ್ರನ್ — ಬಿಚ್ಚಿಡಬೇಕೆಂದೂ ತೋಚಲಿಲ್ಲ. ಲಿಫ್ಟಿನಲ್ಲಿ ಒಬ್ಬ ಡಾಕ್ಟರು ಮೇಲೆ ಕೆಳಗೆ ನೋಡಿದರು. ಮುಖ ತಿರುಗಿಸಿಕೊಂಡೆ. ಈ ವಯಸ್ಸಿನಲ್ಲಿ ಕಳ್ಳಿ ಹಾಗೆ.

ಆರನೇ ಹಾಸಿಗೆಯಲ್ಲಿ ಒಬ್ಬ ಹೆಂಗಸು. ಅರವತ್ತರ ಮೇಲೆ. ಬೆನ್ನಿನ ಆಪರೇಷನ್ ಆಗಿದೆ. ಡಬ್ಬಿ ಎದುರಿಗಿದೆ. ಹತ್ತಿರ ಹೋಗದೆ ಬಾಗಿಲ ಬಳಿ ನಿಂತು ನೋಡಿದೆ. ಗಾಡಿಯವನು ಮುಂದೆ ಹೋದ ಮೇಲೆ ಆಕೆ ಆಚೀಚೆ ನೋಡಿ ಡಬ್ಬಿ ಹತ್ತಿರ ಎಳೆದುಕೊಂಡರು. ಹಾಳೆಯ ಮೂಲೆಯನ್ನು ಕೆರೆದರು. ಬೆರಳು ಜಾರಿತು. ಮತ್ತೆ ಕೆರೆದರು. ಹಲ್ಲಿನಿಂದ ಕಚ್ಚಿ ಎಳೆಯಲು ನೋಡಿದರು. ಆಮೇಲೆ ಡಬ್ಬಿಯನ್ನು ನಿಧಾನಕ್ಕೆ ಆಚೆ ಸರಿಸಿ ಕಣ್ಣು ಮುಚ್ಚಿಕೊಂಡರು.

ಹೋಗಿ ಮಾತಾಡದೆ ಹಾಳೆ ಕಿತ್ತೆ. ಆವಿ ಬಂತು.

"ಯಾರಮ್ಮ ನೀನು?"

"ಅಡುಗೆಯವಳು."

ನನ್ನ ಟೋಪಿಯನ್ನು ನೋಡಿದರು. "ಮೂವತ್ತು ವರ್ಷ ಬಸ್ಸಲ್ಲಿ ಟಿಕೆಟ್ ಹರಿದ ಕೈ ಇದು," ಅಂದರು. "ಬೆರಳು ಮಾತು ಕೇಳ್ತಿಲ್ಲ. ಒಂದು ಪ್ಲಾಸ್ಟಿಕ್ ಹಾಳೆ ಹರಿಯೋಕಾಗಲ್ಲ ಅಂತ ಯಾರ ಹತ್ರ ಹೇಳ್ಕೊಳ್ಲಿ?"

"ಸಿಸ್ಟರ್‌ನ ಕರೀಬಹುದಿತ್ತಲ್ಲ."

"ಕರೆದೆ, ಮೊದಲನೇ ದಿನ. 'ಬಂದೆ' ಅಂದ್ಲು. ಪಾಪ, ಒಬ್ಬಳೇ, ವಾರ್ಡ್ ತುಂಬಾ ಜನ. ಬರೋ ಹೊತ್ತಿಗೆ ಟ್ರೇ ವಾಪಸ್ ಹೋಗಿತ್ತು. ಎರಡನೇ ದಿನ ಹಸಿವಿಲ್ಲ ಅಂದ್ಬಿಟ್ಟೆ. ಅದು ಸುಲಭ."

ಸ್ಪೂನು ಹಿಡಿಯಲು ಬರುತ್ತದೆ, ಎರಡೂ ಕೈ ಸೇರಿಸಿದರೆ. ತಿಂದರು. ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ.

ಅಷ್ಟರಲ್ಲಿ ಹಿರಿ ಸಿಸ್ಟರ್ ಬಂದರು. ಮುಂದಿನದು ಬರೆಯುವುದಿಲ್ಲ. ನಾಳೆ ನಾನು ಡಯಟ್ ಮೇಡಂ ರೂಮಿಗೆ ಹೋಗಬೇಕಂತೆ — ರೋಗಿಗಳ ಊಟ, ನಮ್ಮ ಅಡುಗೆಮನೆ ಎಲ್ಲ ಅವರ ಕೈಯಲ್ಲೇ.

ಮಾರ್ಚ್ 14, ಶುಕ್ರವಾರ

ಕೆಲಸ ಹೋಗುತ್ತದೆ ಎಂದೇ ಹೋದೆ. ಒಗೆದ ಸೀರೆ ಉಟ್ಟು.

ಹಿರಿ ಸಿಸ್ಟರ್ ಹೇಳಿದ್ದೆಲ್ಲ ನಿಜ. ಹೇಳದೆ ಕೇಳದೆ ವಾರ್ಡಿಗೆ ನುಗ್ಗಿದ್ದು, ಅಡುಗೆಮನೆಯ ಬಟ್ಟೆಯಲ್ಲಿ. ನಾನು ಸೆರಗಿನ ತುದಿ ಮಡಚುತ್ತಾ ನಿಂತಿದ್ದೆ. ಕನ್ನಡಕದ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಒಳಗೆ ಬಂದಳು, ಕರೆಯದೆ. ಇವಳಿಗೂ ನನ್ನ ರೋಗ ಅಂಟಿತು.

"ಮೇಡಂ, ಒಂದು ನಿಮಿಷ. ಈ ತಿಂಗಳು ಎಐ 'ಬಡಿಸಿಲ್ಲ' ಅಂದಿದ್ದನ್ನೆಲ್ಲ ಮತ್ತೆ ಅದರ ಕೈಲೇ ಹುಡುಕಿಸಿದೆ. ಹಾಲು ಕುಡಿದಿದ್ದಾರೆ, ಡಬ್ಬಿ ಬಿಚ್ಚಿಲ್ಲ — ಅಂಥವು ಮಾತ್ರ."

ಆರನೇ ಹಾಸಿಗೆ ಒಂದೇ ಅಲ್ಲ. ಪ್ಲಾಸ್ಟರ್ ಹಾಕಿದ ಕೈಯವರು. ಲಕ್ವ ಹೊಡೆದವರು. ಮುದುಕರು. ಡಬ್ಬಿಯ ಮೇಲೆ ಡಬ್ಬಿ. ಸಾವಿರಾರು ಫೋಟೊಗಳಲ್ಲಿ ಇದನ್ನು ಮನುಷ್ಯರು ಹೆಕ್ಕಲು ಸಾಧ್ಯವೇ ಇರಲಿಲ್ಲ. ಕೆಲವು ಡಬ್ಬಿಗಳ ಹಾಳೆಯ ಮೂಲೆಯಲ್ಲಿ ಉಗುರಿನ ಗೀರು ಕೂಡ ಕಾಣುತ್ತಿತ್ತು.

 ಹಿರಿ ಸಿಸ್ಟರೇ ಮೊದಲು ಬಾಯಿ ಬಿಟ್ಟರು. "ಇವರಿಗೆಲ್ಲ ನಾವು ಹಸಿವಿಲ್ಲ ಅಂತ ಬರೀತಾ ಇದ್ವಿ." ಧ್ವನಿ ಇಳಿದಿತ್ತು. ನನಗೆ ಅವರ ಮೇಲಿದ್ದ ಸಿಟ್ಟೂ ಇಳಿಯಿತು.

ನಳಿಕೆ ಬೇಡ ಎಂದಾಯಿತು. ಸುಲಭವಾಗಿ ತೆಗೆಯುವಂಥ ಹೊಸ ಮುಚ್ಚಳ ತರಿಸುತ್ತಾರಂತೆ, ಅದು ಬರುವವರೆಗೆ ಡಬ್ಬಿ ಬಿಚ್ಚಿಯೇ ಕೊಡಬೇಕು. ಬಿಚ್ಚದೆ ಬಂದದ್ದು ಕಂಡರೆ ಪರದೆ ಕೂಡಲೇ ವಾರ್ಡಿಗೆ ತಿಳಿಸಬೇಕು. ಮತ್ತೆ ಕೆಲವು ದಿನ ಮಧ್ಯಾಹ್ನ ನಾನು ಮೂರನೇ ಮಹಡಿಗೆ ಹೋಗಬಹುದು. ಏಪ್ರನ್ ಬಿಚ್ಚಿಟ್ಟು.

ಮಾರ್ಚ್ 20, ಗುರುವಾರ

ಕಂಡಕ್ಟರಮ್ಮ ಬಾಯಿಬಡಕಿ. ಹೊಟ್ಟೆಗೆ ಬಿದ್ದಂತೆಲ್ಲ ಮಾತು ಏರುತ್ತಿದೆ. ಹೋದ ಕೂಡಲೇ, "ಕೂತ್ಕೊ, ಕೂತ್ಕೊ. ಸೀಟ್ ಖಾಲಿ ಇರುವಾಗ ನಿಂತು ಪ್ರಯಾಣ ಮಾಡೋ ಹಾಗಿಲ್ಲ."

ಇವತ್ತು ಕೇಳಿದರು, "ಮನೇಲಿ ಯಾರ್ಯಾರಿದೀರಾ?"

"ನಾನೇ."

"ನಾನೇ ಅಂದ್ರೆ?"

"ಅಮ್ಮ ಇದ್ಲು. ಅವಳನ್ನ ನೋಡ್ಕೊಳ್ತಾ ಮದುವೆ ವಯಸ್ಸು ಹೋಯ್ತು. ಆಮೇಲೆ ಅವಳೂ ಹೋದ್ಲು."

"ನನ್ನ ಗಂಡ ಇದ್ದ. ಡ್ರೈವರ್. ಮೂವತ್ತು ವರ್ಷ ಅವನ ಬೆನ್ನು ನೋಡ್ಕೊಂಡೇ ಸಂಸಾರ ಮಾಡಿದೆ." ನಕ್ಕರು. ಆಮೇಲೆ ನಗಲಿಲ್ಲ. "ಈಗ ಅದೂ ಇಲ್ಲ."

 ಅವರ ಬಾಯಿ ಒರೆಸಿದೆ. ಯಾರಿಗೂ ಮೈ ಮುಟ್ಟಗೊಡದವರು, ಇವತ್ತು ತಡೆಯಲಿಲ್ಲ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಬೆಲ್ಟಿನ ಮೇಲೆ ಆರನೇ ಹಾಸಿಗೆಯ ಟ್ರೇ ಬಂತು. ಬಳಿದಿಟ್ಟ ಹಾಗೆ ಖಾಲಿ. ಎಐ "ಪೂರ್ತಿ" ಎಂದಿತು. ಹಸಿರು ಒತ್ತಿದೆ. ಒತ್ತಿದ ಬೆರಳನ್ನು ಹಾಗೇ ಇಟ್ಟುಕೊಂಡು ಕೂತಿದ್ದೆ, ಹಿಂದಿನ ಟ್ರೇಗಳೆಲ್ಲ ಗುಡ್ಡೆ ಬಿದ್ದವು. ಗುಡುಗಣ್ಣ ಗುಡುಗಿದ.

ಮಧ್ಯಾಹ್ನ ಅವರು, "ಸೋಮವಾರ ಅಕ್ಕನ ಮಗಳು ಬರ್ತಾಳೆ, ಕರ್ಕೊಂಡು ಹೋಗ್ತಾಳೆ," ಅಂದರು. "ಭಾನುವಾರ ನಿಂಗೆ ರಜ ಅಲ್ವಾ? ಸೋಮವಾರ ಬೇಗ ಬಾ. ನಿನ್ನ ಫೋನ್ ನಂಬರ್ ಬರೆಸ್ಕೊಬೇಕು."

ಈಗಲೇ ಕೊಡಬಹುದಿತ್ತು. ಸೋಮವಾರ ಎಂದರಲ್ಲ, ಸರಿ ಎಂದೆ.

ಮಾರ್ಚ್ 31, ಸೋಮವಾರ

ಹಾಸಿಗೆ ಖಾಲಿ. ಹೊಸ ಹೊದಿಕೆ ಹಾಸಿದ್ದಾರೆ.

ನಿನ್ನೆಯೇ ಬಂದು ಕರೆದುಕೊಂಡು ಹೋದರಂತೆ. ಗಾಡಿ ನಿನ್ನೆ ಸಿಕ್ಕಿತಂತೆ. ಹಿರಿ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮನ್ನೇ ಹುಡುಕಿದ್ರು. 'ಅಡುಗೆಯವಳಿಗೆ ಹೇಳಿ, ನನ್ನ ಸ್ಟಾಪ್ ಬಂತು' ಅಂದ್ರು."

ನಂಬರು? ರೋಗಿಗಳ ನಂಬರು ಕೊಡುವ ಹಾಗಿಲ್ಲ. ಗೊತ್ತಿದೆ. ಆದರೂ ಕೇಳಿದೆ. "ಕೊಡೋ ಹಾಗಿದ್ರೆ ಕೊಡ್ತಿರಲಿಲ್ವಾ," ಎಂದು ಕೈ ಹಿಡಿದುಕೊಂಡರು.

ಕೆಳಗೆ ಬಂದು ಗುಂಡಿ ಒತ್ತಿದೆ. ಹಸಿರು. ಹಸಿರು. ಹಸಿರು.

ಏಪ್ರಿಲ್ 22, ಮಂಗಳವಾರ

ಬರೆಯಲು ಏನೂ ಇರಲಿಲ್ಲ.

ಹೊಸ ಮುಚ್ಚಳ ಬಂದಿದೆ. ಅಂಚಿಗೆ ಅಗಲವಾದ ಕಿವಿ. ಹಿಡಿದು ಎತ್ತಿದರೆ ಸಾಕು, ಬರುತ್ತದೆ. ಬಿಚ್ಚದ ಡಬ್ಬಿ ಈಗ ಅಪರೂಪ. ಅಡುಗೆ ಕಡಿಮೆ, ಎಂಜಲು ಕಡಿಮೆ, ಉಣ್ಣುವವರು ಹೆಚ್ಚು. ಡಯಟ್ ಮೇಡಂ ಎಲ್ಲರಿಗೂ ಕೇಕ್ ಕೊಡಿಸಿದರು.

ಕನ್ನಡಕದ ಹುಡುಗಿಗೆ ಇವತ್ತು ಇಲ್ಲಿ ಕೊನೆಯ ದಿನ. ಇನ್ನೊಂದು ಆಸ್ಪತ್ರೆಗೆ ಹೋಗುತ್ತಿದ್ದಾಳೆ. "ಇದೇ ಎಐ ಅಲ್ಲೂ ಹಾಕ್ತೀವಿ ಆಂಟಿ. ಬಿಚ್ಚಿಲ್ಲ ಅನ್ನೋದನ್ನ ಅದು ಇಲ್ಲೇ ಕಲ್ತಿದ್ದು. ಅಲ್ಲಿ ಮೊದಲನೇ ದಿನದಿಂದಾನೇ ಹಿಡಿಯುತ್ತೆ." ಅಪ್ಪಿಕೊಂಡಳು. ನನಗೆ ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅಭ್ಯಾಸ ತಪ್ಪಿದೆ.

ಪರದೆ ಈಗ ನನ್ನನ್ನು ಕೇಳುವುದೇ ಇಲ್ಲ. ಎಲ್ಲವೂ ಗೊತ್ತು ಅದಕ್ಕೆ. ಒಳ್ಳೆಯದೇ. ಆದರೂ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತಿದ್ದೆ, ಒಂದಾದರೂ ತಪ್ಪು ಹೇಳಲಿ ಎಂದು. ಮೂಲಂಗಿ ಬಂತು. ಮೂಲಂಗಿ ಎಂದಿತು.

ಮೇ 2, ಶುಕ್ರವಾರ

ಡಯಟ್ ಮೇಡಂ ಕರೆದರು. ಬೆಲ್ಟಿಗೆ ಇನ್ನು ಜನ ಬೇಡ. ಸರಿ, ಮನೆಗೆ ಕಳಿಸುತ್ತಾರೆ ಎಂದುಕೊಂಡೆ.

"ಬಿಚ್ಚಿ ಕೊಟ್ರೂ ತಿನ್ನದವರು ಇದಾರೆ. ಯಾರು ಅಂತ ಪರದೆ ತೋರಿಸುತ್ತೆ. ಯಾಕೆ ಅಂತ ಅದಕ್ಕೆ ಗೊತ್ತಾಗಲ್ಲ. ಊಟದ ಹೊತ್ತಿಗೆ ವಾರ್ಡಲ್ಲಿ ನೀವಿರ್ತೀರಾ?"

"ನನಗೆ ಮಾತಾಡೋಕೆ ಬರಲ್ಲ ಮೇಡಂ."

"ಮಾತಾಡಿ ಅಂತ ಯಾರು ಹೇಳಿದ್ರು?"

ಮೇ 8, ಗುರುವಾರ. ಸಂಜೆ

ಈಗ ವಾರ್ಡಿನಲ್ಲೇ ಕೆಲಸ. ತಿನ್ನದವರದು ಎಂದು ಎಐ ಇವತ್ತು ಫೋನಿನಲ್ಲಿ ಮೂರು ಹಾಸಿಗೆ ತೋರಿಸಿತು. ಒಬ್ಬರಿಗೆ ಬಾಯಿಹುಣ್ಣು — ಮೆತ್ತಗಿನದು ಕಳಿಸಲು ಹೇಳಿದೆ. ಒಬ್ಬರು ಮಗನ ದಾರಿ ಕಾಯುತ್ತಿದ್ದರು, ಅವನು ಬಂದ ಕೂಡಲೇ ತಿಂದರು. ಮೂರನೆಯವರು ಕಿಟಕಿ ಪಕ್ಕದ ಹಿರಿಯರು. ಗೋಡೆಗೆ ಮುಖ. ಹೆಂಡತಿ ಹೋದ ತಿಂಗಳು ತೀರಿಕೊಂಡರಂತೆ. ಕುರ್ಚಿ ಎಳೆದು ಕೂತೆ. 

ಕಡೆಗೆ ತಿರುಗಿದರು. "ಹೀಗೆ ಬಾಯಿ ನೋಡ್ತಾ ಕೂತ್ರೆ ನುಂಗೋದು ಹೇಗಮ್ಮ?"

"ಏನ್ ಮಾಡ್ಲಿ ಹೇಳಿ."

"ನೀನೂ ತಿನ್ನು. ಒಬ್ಬನೇ ತಿಂದು ಗೊತ್ತಿಲ್ಲ ನಂಗೆ."

ಬ್ರೆಡ್ಡು ಮುರಿದು ಅರ್ಧ ಕೊಟ್ಟರು. ಸೂಪನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡೆ. ಅವರು ಒಂದು ಗುಟುಕು, ನಾನು ಒಂದು ಗುಟುಕು. ತಣ್ಣಗಿತ್ತು. ಇಷ್ಟು ವರ್ಷ ಕುದಿಯುವ ಸೂಪು ಕಳಿಸಿದ್ದೇನೆ ಎಂದೇ ಅಂದುಕೊಂಡಿದ್ದೆ.

"ದಿನಾ ಹೀಗೇ ತಣ್ಣಗಿರುತ್ತಾ?"

"ಇವತ್ತು ವಾಸಿ."

ಇಬ್ಬರಿಗೂ ನಗು ಬಂತು. ಅವರಿಗೆ ಕೆಮ್ಮು ಹತ್ತಿತು. ಬೆನ್ನು ಸವರಿದೆ. ತಟ್ಟೆ ಖಾಲಿ ಮಾಡಿದೆವು. "ನಾಳೆ ಬರ್ತೀಯಾ?" ಅಂದರು. ಬರುತ್ತೇನೆ ಎಂದೆ.

ನಾಳೆ ಬೆಳಿಗ್ಗೆಯೇ ಗುಡುಗಣ್ಣನಿಗೆ ಹೇಳಬೇಕು. ಸೂಪು ಕೊನೆಗೆ ಸುರಿಯಲಿ. ಮೂರನೇ ಮಹಡಿಯ ಗಾಡಿ ಮೊದಲು ಹೊರಡಲಿ. ಅವನು ಕೂಗಾಡುತ್ತಾನೆ. ಕೂಗಾಡಲಿ. ನಾನೂ ಈ ಸಲ ಕೂಗುತ್ತೇನೆ.