ಮೂರನೇ ಟೇಬಲಿನ ಲಾಟೆಯ ಮೇಲೆ ಏನಿತ್ತು?

ತಾಲೂಕಿನ ಮಹಿಳಾ ಸಂಘಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ತಾವು ನನ್ನ ಹೆಂಡತಿಗೆ ಕಾಫಿ ಮಾಡುವುದನ್ನು ಕಲಿಸಿದಿರಿ. ಅಂದಿನಿಂದ ನನಗೆ ಕಾಫಿ ಇಲ್ಲ. ದೂರು ಇಷ್ಟೇ. ಆದರೂ ದಯವಿಟ್ಟು ಕೊನೆಯವರೆಗೆ ಓದಬೇಕು, ಏಕೆಂದರೆ ತಮ್ಮಿಂದ ಆಗಬೇಕಾದ ಒಂದು ಕೆಲಸವಿದೆ. ಅದು ಇಡೀ ಜಿಲ್ಲೆಯಲ್ಲಿ ತಮ್ಮೊಬ್ಬರಿಂದ ಮಾತ್ರ ಆಗುವಂಥದ್ದು.

ನಾನು ಗಂಗೊಳ್ಳಿ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುವವ. ಕೂಗಿ ಅಭ್ಯಾಸವೇ ಹೊರತು ಬರೆದು ಅಭ್ಯಾಸವಿಲ್ಲ, ಸ್ವರ ಏರಿದರೆ ಮನ್ನಿಸಿ. ಇಪ್ಪತ್ತೆಂಟು ವರ್ಷ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಏಲಂ ಮುಗಿಸಿ ಬರುವಾಗ ನಾನು ತಿರುವಿನಲ್ಲಿ ಸ್ಕೂಟರಿನ ಹಾರ್ನ್ ಒಮ್ಮೆ ಒತ್ತುತ್ತಿದ್ದೆ. ಅದು ಕೇಳಿದ ಕೂಡಲೇ ವನಜ ಹಾಲು ಒಲೆಗಿಡುತ್ತಿದ್ದಳು. ನಾನು ಕಾಲು ತೊಳೆದು ಜಗಲಿಗೆ ಬರುವಷ್ಟರಲ್ಲಿ ಬಟ್ಟೆಯಲ್ಲಿ ಸೋಸಿದ, ಚೂರು ಬೆಲ್ಲ ಬಿದ್ದ ಕಾಫಿ ಬರುತ್ತಿತ್ತು. ಇದಕ್ಕೆ ಯಾವ ಇಲಾಖೆಯ ಅನುದಾನವೂ ಬೇಕಾಗಿರಲಿಲ್ಲ. ‘ಚೆನ್ನಾಗಿದೆ’ ಎಂದು ನಾನು ಒಂದು ದಿನವೂ ಹೇಳಿಲ್ಲ ಎಂಬುದು ವನಜಳ ಆರೋಪ. ಲೋಟ ಖಾಲಿ ಮಾಡಿ ಕೆಳಗಿಟ್ಟರೆ ಹೇಳಿದ ಹಾಗೇ ಅಲ್ಲವೇ? ಅಲ್ಲವಂತೆ.

ಅಷ್ಟರಲ್ಲಿ ತಮ್ಮ ಯೋಜನೆ ಬಂತು. ಬ್ರಹ್ಮಾವರದಲ್ಲಿ ಆರು ದಿನದ ತರಬೇತಿ. ಲಾಟೆ ಎಂಬ ಕಾಫಿ ಮಾಡಿ ಅದರ ಹಾಲಿನ ನೊರೆಯ ಮೇಲೆ ಎಲೆ, ಹೂವು, ಹೃದಯ ಬರೆಯುವುದನ್ನು ಸರಕಾರ ನಮ್ಮ ಹೆಂಗಸರಿಗೆ ಕಲಿಸಿತು. ತ್ರಾಸಿಯ ಕಡಲತೀರದಲ್ಲಿ ಸಂಘದ ಹೆಸರಿನಲ್ಲಿ ಕೆಫೆ, ಅದರೊಳಗೆ ಬುಸುಗುಟ್ಟುವ ಒಂದು ಯಂತ್ರ. ಉದ್ಘಾಟನೆಯ ದಿನ ತಾವು ‘ಮಹಿಳೆಯರ ಸ್ವಾವಲಂಬನೆಗೆ ಹೊಸ ಆಯಾಮ’ ಎಂದಿರಿ. ಮೂರನೇ ಸಾಲಿನಲ್ಲಿ ಕುಳಿತು ನಾನೂ ಚಪ್ಪಾಳೆ ತಟ್ಟಿದೆ. ನನ್ನ ಕಾಫಿಯ ಬೀಳ್ಕೊಡುಗೆಗೆ ನಾನೇ ಚಪ್ಪಾಳೆ ತಟ್ಟುತ್ತಿದ್ದೇನೆ ಎಂದು ಆಗ ತಿಳಿಯಲಿಲ್ಲ.

ಈಗ ತಿರುವಿನಲ್ಲಿ ಹಾರ್ನ್ ಒತ್ತಿದರೆ ನಾಯಿ ಮಾತ್ರ ಬರುತ್ತದೆ. ಕೆಫೆಗೆ ಹೋಗುವ ಗಡಿಬಿಡಿಯಲ್ಲಿ ವನಜ ಬೆಳಿಗ್ಗೆಯೇ ಹೇಳಿರುತ್ತಾಳೆ, “ಫ್ಲಾಸ್ಕಂಗೆ ಇತ್ತ್, ಬಗ್ಸ್ಕಣಿ.” ಫ್ಲಾಸ್ಕಿನ ಕಾಫಿಯ ರುಚಿಯನ್ನು ನಾನು ವರ್ಣಿಸುವುದಿಲ್ಲ. ತಮ್ಮ ಕಚೇರಿಯಲ್ಲಿ ಸಭೆ ನಡೆದಾಗ ಕೊಡುತ್ತಾರಲ್ಲ, ಅದೇ.

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಅಪ್ಪಟ ಹೊಟ್ಟೆಕಿಚ್ಚು. ಮುಚ್ಚಿಡುವುದಕ್ಕೆ ನಾನೇನು ಇಲಾಖೆಯಲ್ಲ. ಒಂದು ಸಂಜೆ ಹೆದ್ದಾರಿಯ ಆಚೆ ಬದಿ ಎಳನೀರಿನ ಗಾಡಿಯ ಮರೆಯಲ್ಲಿ ನಿಂತು ಎಣಿಸಿದ್ದೇನೆ. ಹದಿನೇಳು ಲಾಟೆ. ಪ್ರತಿ ಕಪ್ಪಿನ ಮೇಲೂ ಅವಳು ಬಗ್ಗಿ, ತುಟಿ ಕಚ್ಚಿ, ಮಗುವಿನ ಹಣೆಗೆ ಬೊಟ್ಟಿಡುವ ಹಾಗೆ ಏನೋ ಬರೆಯುತ್ತಿದ್ದಳು. ಬೈಕಿನಲ್ಲಿ ಬಂದ ಯಾರೋ ಗಡ್ಡದವ ಅದರ ಫೋಟೊ ತೆಗೆದು “ಆಂಟಿ, ಸೂಪರ್” ಅಂದ. ವನಜ ನಕ್ಕಳು, ಹಲ್ಲು ಕಾಣುವ ಹಾಗೆ. ಯಾವ ಊರಿನವನೋ, ಯಾರ ಮಗನೋ, ಅವನಿಗೆ ಹೃದಯ. ತಾಳಿ ಕಟ್ಟಿದವನಿಗೆ ಫ್ಲಾಸ್ಕು. ಇದು ಯಾವ ಯೋಜನೆಯ ಯಾವ ಮಾರ್ಗಸೂಚಿಯಲ್ಲಿದೆ ಸ್ವಾಮಿ?

ಕಳೆದ ತಿಂಗಳು ಒಂದು ಶನಿವಾರ ತಡೆಯಲಾಗಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಾನೂ ಗಿರಾಕಿಯಾಗಿ ಹೋದೆ. ಅದೇ ದಿನ ತಾವು ತಪಾಸಣೆಗೆ ಬಂದಿದ್ದಿರಿ. ಎರಡನೇ ಟೇಬಲಿನಲ್ಲಿ ಫೈಲು ಬಿಚ್ಚಿಕೊಂಡು ಕುಳಿತಿದ್ದಿರಿ, ನಾನು ಮೂರನೆಯದರಲ್ಲಿ ಕುಳಿತೆ.

“ಹ್ವಾಯ್, ಎಂತ ಈ ಬದಿಗೆ?” ಎಂದಳು ವನಜ.

“ಕಾಪಿ ಕುಡುಕೆ ಬಂದೆ. ಲಾಟೆ ಒಂದ್ ಕೊಡ್.”

“ಅದ್ ನಿಮ್ಗ್ ಆತ್ತಿಲ್ಲ.”

“ಊರಿಗೆಲ್ಲ ಆತ್ತ್, ನಂಗ್ ಎಂತಕ್ಕೆ ಆತ್ತಿಲ್ಲ?”

ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನನ್ನ ನಂತರ ಬಂದವರಿಗೂ ಕಾಫಿ ಬಂತು, ನನಗಿಲ್ಲ. ಅಧಿಕಾರಿಯ ಎದುರು ಗಂಡನನ್ನು ಕಾಯಿಸುತ್ತಿದ್ದಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅಷ್ಟರಲ್ಲಿ ಬಂದರಿನಿಂದ ಫೋನು: ಎರಡು ಬೋಟು ಒಟ್ಟಿಗೆ ಬಂದಿವೆ, ಏಲಂ ಕೂಗಲು ಜನ ಇಲ್ಲ, ಬೇಗ ಬಾ. ಫೋನು ಕಿವಿಯಲ್ಲಿರುವಾಗಲೇ ವನಜ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತಂದಿಟ್ಟಳು. ಇಟ್ಟು ಹೋಗಲಿಲ್ಲ, ಅಲ್ಲೇ ನಿಂತಳು.

ಏಲಂ ಕೂಗುವವನಿಗೆ ಕಾಫಿ ಸಿಗುವುದು ಎರಡು ಬೋಟಿನ ನಡುವೆ. ಆರುವ ತನಕ ಕಾಯಲು ಪುರುಸೊತ್ತಿಲ್ಲ. ಕೈಗೆ ಬಂದದ್ದನ್ನು ಕಪ್ಪಿನಡಿಯ ಬಸಿಗೆ ಸುರಿ, ಊದು, ಎರಡು ಗುಟುಕಿಗೆ ಮುಗಿಸು. ನನ್ನ ಕೈಗೆ ಬೇರೆ ವಿದ್ಯೆ ಗೊತ್ತಿಲ್ಲ. ಕಪ್ಪಿನ ಕಡೆ ಕಣ್ಣು ಹಾಯಿಸದೆ ಲಾಟೆಯನ್ನು ಬಸಿಗೆ ಸುರಿದೆ, ಊದಿದೆ, ಕುಡಿದೆ. ಸಾಲದ್ದಕ್ಕೆ “ಬಿಸಿಯೇ ಇಲ್ಲ ಕಾಣ್” ಎಂದೆ. ಅವಳು ಕಪ್ಪು ಬಸಿ ಎರಡನ್ನೂ ತೆಗೆದುಕೊಂಡು ಒಳಗೆ ಹೋದಳು.

ವಿಷಯ ತಿಳಿದದ್ದು ಮರುದಿನ, ವನಜಳ ಜೊತೆ ಕೆಲಸ ಮಾಡುವ ಸರಸಳಿಂದ. “ಭೋಜಣ್ಣ, ಎಂತ ಮಾಡ್ದ್ರಿ ನೀವ್? ನಿಮ್ಗಂದೇಳಿ ವನಜಕ್ಕ ಎಲೆ ಅಲ್ಲ, ಹೃದಯ ಅಲ್ಲ, ಬೇರೆ ಎಂತದೋ ಬರ್ದದ್ದ್. ಮೂರ್ ಸಲ ಸಮ ಆಯ್ಲಿಲ್ಲ ಅಂದ್ ಚೆಲ್ಲಿ ನಾಕ್ನೇದ್ ತಂದದ್ದ್.” ಏನು ಬರೆದದ್ದು ಎಂದು ಕೇಳಿದೆ. “ನಂಗೂ ತೋರ್ಸ್ಲಿಲ್ಲ, ಬೆನ್ನ್ ಅಡ್ಡ ಮಾಡ್ಕಂಡೇ ಬರ್ದದ್ದ್,” ಎಂದಳು.

ವನಜಳನ್ನೇ ಕೇಳಿದೆ. ಒಲೆಯಿಂದ ತಲೆ ಎತ್ತದೆ ಹೇಳಿದಳು, “ಕುಡ್ದ್ ಆಯ್ತಲೆ. ಇನ್ ಹೊಟ್ಟೆ ಒಳ್ಗ್ ಕಾಣಿ.” ಮತ್ತೊಮ್ಮೆ ಬರೆದುಕೊಡು ಎಂದು ಗೋಗರೆದೆ. “ಅಂಥದ್ದೆಲ್ಲ ಒಂದೇ ಸಲ ಬಪ್ಪುದ್,” ಎಂದಳು. ಅಂದಿನಿಂದ ಫ್ಲಾಸ್ಕು ಕೂಡ ಅರ್ಧವೇ ತುಂಬಿರುತ್ತದೆ.

ಈಗ ತಮ್ಮ ವಿಚಾರಕ್ಕೆ ಬರುತ್ತೇನೆ. ಆ ಕಪ್ಪು ಮೂರನೇ ಟೇಬಲಿಗೆ ಬರುವ ಮುಂಚೆ ತಮ್ಮ ಮೂಗಿನ ಕೆಳಗೇ ದಾಟಿ ಬಂತು. ತಾವು ಫೈಲಿನಿಂದ ತಲೆ ಎತ್ತಿ ಅದರೊಳಗೆ ನೋಡಿದಿರಿ. ನೋಡಿ ನಕ್ಕಿರಿ. ನನ್ನ ಇಸ್ತ್ರಿ ಅಂಗಿ ಕಂಡು ನಕ್ಕಿರೆಂದು ನಾನು ಆಗ ತಿಳಿದಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿ ನನ್ನ ಹೆಂಡತಿ ನನಗೆಂದು ಏನೋ ಬರೆದಳು, ಅದನ್ನು ಕಂಡವರು ತಾವು. ಗಡ್ಡದವನ ಮೇಲಿದ್ದ ಹೊಟ್ಟೆಕಿಚ್ಚನ್ನೆಲ್ಲ ಅಂದೇ ಹಿಂದಕ್ಕೆ ಪಡೆದಿದ್ದೇನೆ. ಈಗ ಅದಷ್ಟೂ ತಮ್ಮ ಮೇಲಿದೆ.

ಮಾಹಿತಿ ಹಕ್ಕಿನಡಿ ಅರ್ಜಿಯನ್ನೂ ಹಾಕಿದೆ. ‘ಕೋರಿದ ಮಾಹಿತಿಯು ಕಚೇರಿಯ ದಾಖಲೆಯಲ್ಲಿ ಇರುವುದಿಲ್ಲ’ ಎಂದು ಉತ್ತರ ಬಂತು. ಜೊತೆಗಿಟ್ಟ ತಪಾಸಣಾ ವರದಿಯಲ್ಲಿ ಕಪ್ಪು ಸ್ವಚ್ಛ, ಯಂತ್ರ ಸುಸ್ಥಿತಿ, ಸಿಬ್ಬಂದಿಯ ವರ್ತನೆ ಉತ್ತಮ ಎಂದಿದೆ. ನೊರೆಯ ಮೇಲಿನ ಚಿತ್ರಕ್ಕೆ ಮಾತ್ರ ಕಾಲಂ ಇಲ್ಲ. ಹಾಗಾಗಿ ಪತ್ರಿಕೆಯಲ್ಲೇ, ಊರೆಲ್ಲ ಓದುವ ಹಾಗೆ ಕೇಳುತ್ತಿದ್ದೇನೆ.

ಕೆಫೆ ಮುಚ್ಚಿಸಿ ಎನ್ನುತ್ತಿಲ್ಲ. ಯಂತ್ರ ಬುಸುಗುಟ್ಟಲಿ, ಬೈಕಿನವರು ಬರಲಿ, ವನಜ ಹಲ್ಲು ಕಾಣುವ ಹಾಗೆ ನಗಲಿ. ಆ ನಗು ನಮ್ಮ ಜಗಲಿಯಲ್ಲಿ ಇರಲಿಲ್ಲ ಎಂಬುದು ನನಗೂ ಗೊತ್ತು. ನನ್ನ ಬೇಡಿಕೆ ಒಂದೇ. ಆ ಶನಿವಾರ ನನ್ನ ಲಾಟೆಯ ಮೇಲೆ ಏನಿತ್ತು ಎಂಬುದನ್ನು ತಾವು ಹೇಳಬೇಕು. ಸ್ಕೂಟರೇ? ಬಂಗುಡೆ ಮೀನೇ? ನನ್ನ ಹೆಸರೇ? ಲಿಖಿತದಲ್ಲಿ ಆಗದಿದ್ದರೆ ಬಂದರಿಗೆ ಬಂದು ಕೂಗಿ ಹೇಳಿ, ಎಷ್ಟು ಗದ್ದಲವಿದ್ದರೂ ನನಗೆ ಕೇಳಿಸುತ್ತದೆ.

ಕಾಣದ ಮೀನನ್ನು ಕೂಗುವ ಅಭ್ಯಾಸ ನನಗಿಲ್ಲ. ‘ಚೆನ್ನಾಗಿತ್ತು’ ಎಂದು ಅವಳಿಗೆ ಹೇಳಬೇಕೆಂದಿದ್ದೇನೆ. ಏನು ಚೆನ್ನಾಗಿತ್ತು ಎಂದು ಅವಳು ಕೇಳುತ್ತಾಳೆ.

ಇಂತಿ,
ನೋಡದೆ ಬಸಿಗೆ ಸುರಿದವ,
ಭೋಜರಾಜ
(ವನಜಳ ಗಂಡ, ಮೂರನೇ ಟೇಬಲು)